ಹೆರಾಲ್ಡನ ಈಜಿಪ್ಟು

ಪ್ರೇಮನಾಥ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಫರೋಹನ ಗೋರಿಯ ಛಾವಣಿ ಎಷ್ಟು ದೊಡ್ಡದೆಂದು ತೋರಿಸುತ್ತಿದ್ದ. ಆ ಭರಾಟೆಯಲ್ಲಿ ಅವನ ಮೊಣಕೈ ಹೆಂಡತಿ ಹರಿಣಾಕ್ಷಿ ಹಿಡಿದಿದ್ದ ಟ್ರೇಗೆ ತಾಗಿ ಎರಡು ಲೋಟ ಚಹಾ ಸೋಫಾದ ಮೇಲೆ ಚೆಲ್ಲಿತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ಈ ಗೋಡೆಯಿಂದ ಆ ಗೋಡೆವರೆಗೆ ಒಬ್ಬಳೇ ಹೆಂಗಸು ಮಾರಾಯ್ರೆ! ಆಕಾಶದ ದೇವಿ. ಸಂಜೆಯಾಯ್ತಾ, ಸೂರ್ಯನನ್ನು ಲಬಕ್ಕಂತ ನುಂಗ್ತಾಳೆ. ರಾತ್ರಿಯಿಡೀ ಅವನು ಅವಳ ಹೊಟ್ಟೆಯ ಒಳಗೇ ನಡ್ಕೊಂಡು ಹೋಗೋದು. ಬೆಳಿಗ್ಗೆ ಪುನಃ ಹೆರ್ತಾಳೆ!"

"ಒಬ್ಬಳಲ್ಲ, ಇಬ್ಬರು," ಎಂದಳು ಹರಿಣಾಕ್ಷಿ, ಸೋಫಾ ಒರೆಸುತ್ತ. "ಬೆನ್ನಿಗೆ ಬೆನ್ನು ಕೊಟ್ಟುಕೊಂಡು ಇರೋದು. ನಾವು ಎರಡನೇ ಸಲ ಹೋದಾಗ ಹೆರಾಲ್ಡಣ್ಣ ಸರಿಯಾಗಿ ಹೇಳಿದ್ರು, ನೀವು ಆಚೆ ಟೊಪ್ಪಿಯ ರೇಟಿಗೆ ಚರ್ಚೆ ಮಾಡ್ತಾ ಇದ್ರಿ. ಮತ್ತೆ ಸ್ವಲ್ಪ ಮೆಲ್ಲ ಮಾತಾಡಿ, ಸಾವಿನ ಮನೆ."

ಸಾವಿನ ಮನೆಯೇನೋ ಹೌದು. ಆದರೆ ಮೆಲ್ಲಗೆ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ. ಮಸ್ಕತ್ತಿನ ರೂವಿಯ ಆ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಬೆಳಗ್ಗಿನಿಂದ ಬಂದು ತುಂಬಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಒಂದಲ್ಲ ಒಂದು ವರ್ಷ ಹೆರಾಲ್ಡ್ ಡಿಸೋಜನ ಬೆನ್ನು ಹಿಡಿದು ಈಜಿಪ್ಟು ನೋಡಿ ಬಂದವರು. ಅವನು ಟ್ರಾವೆಲ್ ಆಫೀಸೊಂದರಲ್ಲಿ ಟಿಕೆಟು ಮಾಡಿಕೊಡುವ ಕೆಲಸದಲ್ಲಿದ್ದ. ಚಳಿಗಾಲ ಬಂತೆಂದರೆ ಮಸ್ಕತ್ತಿನ ಕರಾವಳಿ ಜನರ ಒಂದು ಗುಂಪು ಕಟ್ಟಿಕೊಂಡು ಕೈರೋ, ಲಕ್ಸರ್ ಎಂದು ಹೊರಟುಬಿಡುತ್ತಿದ್ದ. ಈ ಜನಕ್ಕೆ ಹೆರಾಲ್ಡ್ ಎಂದರೆ ನೈಲ್ ನದಿ, ಕಾರ್ನಾಕ್ ದೇವಾಲಯದ ಕಂಬಗಳು, ಒಂಟೆಯವನ ಹತ್ತಿರ ತುಳುವಿನಲ್ಲಿ ಜಗಳಾಡಿ ಗೆದ್ದ ಗಂಡಸು. ಎಲ್ಲರೂ ಅಳಲಿಕ್ಕೆಂದೇ ಬಂದಿದ್ದರು. ಬಾಗಿಲಲ್ಲಿ ಅವನ ಹೆಂಡತಿ ಶಾಲೆಟಳ ಕೈ ಹಿಡಿದು ಅತ್ತದ್ದೂ ಆಗಿತ್ತು. ಒಳಗೆ ಬಂದು ಕೂತು ಪಕ್ಕದವರಿಗೆ "ನೀವು ಯಾವ ವರ್ಷದ ಗುಂಪು?" ಎಂದು ಕೇಳಿದ್ದೇ ತಡ, ಅಳು ಎಲ್ಲಿಗೋ ಹೋಗಿ ಮಾತು ಶುರುವಾಗುತ್ತಿತ್ತು.

"ಆ ನೀಲಿ!" ಎಂದು ಮೂಲೆಯ ಕುರ್ಚಿಯಿಂದ ಇಸಾಬೆಲ್ಲಾ ಕಣ್ಣು ಮುಚ್ಚಿಕೊಂಡು ಹೇಳಿದಳು. ಚರ್ಚಿನಲ್ಲಿ ಹಾಡುವ ತಂಡದ ಹಿರಿಯಳು ಅವಳು. ಮಂಡಿ ಎರಡೂ ಸವೆದು ಊರುಗೋಲು ಹಿಡಿದಿದ್ದಳು. "ನಾನು ಸಾಯುವವರೆಗೆ ಮರೆಯೋದಿಲ್ಲ ಆ ನೀಲಿಯನ್ನು. ನೀಲಿಯ ಮೇಲೆ ಹಳದಿ ನಕ್ಷತ್ರ, ಈಗ ಬಳಿದು ಹೋದ ಹಾಗೆ ಹಸಿ ಹಸಿ!"

ಒಳಕೋಣೆಯಲ್ಲಿ ಗಂಡನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ ಶಾಲೆಟಳಿಗೆ ಇದೆಲ್ಲ ಕೇಳಿಸುತ್ತಿತ್ತು. ಹೆಮ್ಮೆಯೂ ಹೆದರಿಕೆಯೂ ಒಟ್ಟಿಗೇ ಉಕ್ಕಿ ಬರುತ್ತಿದ್ದವು. ಹೆಮ್ಮೆ ಯಾಕೆಂದು ಹೇಳಬೇಕಾಗಿಲ್ಲ. ಹೆದರಿಕೆ ಯಾಕೆಂದರೆ, ಹೆರಾಲ್ಡ್ ಆ ಗೋರಿಯೊಳಗೆ ಜೀವಮಾನದಲ್ಲಿ ಒಮ್ಮೆಯೂ ಹೋದವನಲ್ಲ. ಅದೊಂದೇ ಏನು, ಈಜಿಪ್ಟಿನ ಯಾವ ಗೋರಿಯೊಳಗೂ ಹೋದವನಲ್ಲ. ಈ ಸಂಗತಿ ಗೊತ್ತಿದ್ದವಳು ಭೂಮಿಯ ಮೇಲೆ ಅವಳೊಬ್ಬಳೇ.

ಮುಚ್ಚಿದ ಜಾಗವೆಂದರೆ ಅವನಿಗೆ ಜೀವ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ ಎಂದರೆ ಏನೂ ಇಲ್ಲ, ಹುಟ್ಟಿದಾಗಿನಿಂದ ಹಾಗೆ. ಬಚ್ಚಲಿನ ಅಗುಳಿ ಹಾಕುತ್ತಿರಲಿಲ್ಲ. ವಿಮಾನದಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಮಾತ್ರ ಹೇಗೋ ತಡೆದುಕೊಳ್ಳುತ್ತಿದ್ದ. ಲಿಫ್ಟ್ ಹತ್ತುತ್ತಿರಲಿಲ್ಲ. ಜನ ಅದನ್ನು ಕಂಡು "ನೋಡಿ, ಅದಕ್ಕೇ ಹೆರಾಲ್ಡನಿಗೆ ಹೊಟ್ಟೆ ಬಂದಿಲ್ಲ" ಎಂದು ಹೊಗಳುತ್ತಿದ್ದರು. ಹಾಗೆ ಮೆಟ್ಟಿಲು ಹತ್ತಿ ಬಂದು, ಬೂಟು ಬಿಚ್ಚಲು ಕೂತವನೇ ಮೊನ್ನೆ ಸಂಜೆ ಗೋಡೆಗೆ ವಾಲಿಬಿಟ್ಟಿದ್ದ.

"ಕೋಟು ಆಯ್ತಾ?" ಎನ್ನುತ್ತ ಮಾರ್ಸೆಲಿನ್ ಒಳಗೆ ಬಂದಳು. ಹೆರಾಲ್ಡನ ಅಕ್ಕ, ಒಮಾನಿನ ಆಚೆ ತುದಿಯ ಸಲಾಲಾದ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ನಿನ್ನೆ ಬಂದಿಳಿದವಳು ಬಂದ ಗಳಿಗೆಯಿಂದ ಮನೆಯನ್ನು ವಾರ್ಡು ಮಾಡಿಕೊಂಡಿದ್ದಳು. "ಚರ್ಚಿನಲ್ಲಿ ಪೂಜೆ ಮುಗಿದ ಕೂಡಲೇ ಪೆಟ್ಟಿಗೆ ಮುಚ್ಚಿ ಸೀದಾ ಏರ್‌ಪೋರ್ಟು. ಇವತ್ತಿನ ಕಾರ್ಗೊದಲ್ಲಿ ಹೋದ್ರೆ ನಾಳೆ ಕಿನ್ನಿಗೋಳಿಯಲ್ಲಿ ಅಮ್ಮನ ಪಕ್ಕದಲ್ಲಿ ಮಣ್ಣು. ಎಲ್ಲ ಹೇಳಿ ಆಗಿದೆ."

"ಅಕ್ಕ, ಇಲ್ಲಿಯೇ ಮಾಡಿದ್ರೆ..."

"ಇಲ್ಲಿಯಾ? ನಿನ್ನ ವೀಸಾ ಅವನದ್ದರ ಮೇಲೆ ಉಂಟು. ಅದು ಮುಗಿದ ಮೇಲೆ ನೀನು ಊರಿಗೆ ಹೋಗ್ಬೇಕು. ಇಲ್ಲಿ ಅವನ ಗೋರಿಗೆ ಮೇಣದಬತ್ತಿ ಹಚ್ಚೋದು ಯಾರು? ಮಕ್ಕಳಾ ಮರಿಯಾ? ಕಾರಣ ಹೇಳು, ಕೇಳ್ತೇನೆ."

ಶಾಲೆಟ್ ಇಸ್ತ್ರಿಯ ಪ್ಲಗ್ಗು ಕಿತ್ತು ಕೋಟು ಮುಂದಿಟ್ಟಳು. ಹೇಗೆ ಹೇಳುವುದು? ಹೊರಗೆ ಅಷ್ಟು ಜನ ಅವನು ತೋರಿಸಿದ ಗೋರಿಯನ್ನು ಬಾಯಿತುಂಬ ವರ್ಣಿಸುತ್ತಿದ್ದಾರೆ. ಅವನು ಒಳಗೇ ಹೋಗಿಲ್ಲವಂತೆ ಎಂದು ತಿಳಿದರೆ ಇವತ್ತೇ, ಅವನ ಹೆಣದ ಎದುರೇ, ಊರೆಲ್ಲ ನಗುತ್ತದೆ. ಹೇಳದಿದ್ದರೆ ಅವನನ್ನು ತಗಡು ಹೊದಿಸಿದ ಪೆಟ್ಟಿಗೆಯಲ್ಲಿಟ್ಟು, ಸ್ಕ್ರೂ ಬಿಗಿದು, ವಿಮಾನದ ಹೊಟ್ಟೆಗೆ ತುಂಬುತ್ತಾರೆ. ಸತ್ತವನಿಗೆ ಏನು ತಿಳಿಯುತ್ತದೆ ಎಂದು ಅವಳೂ ತನಗೆ ತಾನೇ ಹೇಳಿಕೊಂಡು ನೋಡಿದ್ದಳು. ಮನಸ್ಸು ಒಪ್ಪಿರಲಿಲ್ಲ.

ಮಾರ್ಸೆಲಿನ್ ಕೋಟು ಎತ್ತಿಕೊಂಡು ಹೋದ ಮೇಲೆ ಬಾಗಿಲ ಬಳಿ ಕುಂಞಾಲಿ ಕೆಮ್ಮಿದ. ಅಲ್ ಮಬೇಲಾದಲ್ಲಿ ಅವನದೊಂದು ಟಯರು ಅಂಗಡಿಯಿದೆ. ಆದರೆ ಜನಕ್ಕೆ ಅವನ ಫೋನು ನಂಬರು ಬೇಕಾಗುವುದು ಟಯರಿಗಲ್ಲ. ಮಸ್ಕತ್ತಿನಲ್ಲಿ ನಮ್ಮ ಕಡೆಯವರು ಯಾರೇ ಸಾಯಲಿ, ಯಾವ ಜಾತಿಯವರೇ ಆಗಲಿ, ಶವಾಗಾರ, ರಾಯಭಾರ ಕಚೇರಿ, ಪೆಟ್ಟಿಗೆ ಎಂದು ಓಡಾಡುವವನು ಅವನೇ.

"ಬಾಯಮ್ಮ, ಒಂದು ಮಾತು," ಎಂದ. ಕ್ರಿಶ್ಚಿಯನ್ ಹೆಂಗಸರನ್ನು ಊರಿನ ಬ್ಯಾರಿಗಳು ಕರೆಯುವ ಹಾಗೆಯೇ ಅವನು ಶಾಲೆಟಳನ್ನು ಕರೆಯುತ್ತಿದ್ದದ್ದು. "ಇಲ್ಲಿ ಮಣ್ಣು ಮಾಡ್ಲಿಕ್ಕೂ ನಾನು ಅನುಮತಿ ತೆಗ್ದು ಇಟ್ಟಿದ್ದೇನೆ. ಗುಂಡಿ ತೋಡುವವರಿಗೂ ಹೇಳಿ ಉಂಟು."

"ನಿಮಗೆ ಯಾರು ಹೇಳಿದ್ದು ಕುಂಞಾಲಿಚ್ಚ?"

"ಯಾರೂ ಹೇಳಲಿಲ್ಲ. ನಿನ್ನೆ ನಾನು ಪೆಟ್ಟಿಗೆಯ ಸಂಗತಿ ತೆಗೆದಾಗ ನಿಮ್ಮ ಮೋರೆ ನೋಡಿದೆ. ಸಾವಿನ ಮನೆ ಎಷ್ಟು ನೋಡಿದವ ನಾನು. ಯಾಕೆ ಅಂತ ಕೇಳೋದಿಲ್ಲ. ಮುಚ್ಚುವ ಮೊದಲು ಒಂದು ಮಾತು ಹೇಳಿ, ಸಾಕು. ಸೀಲ್ ಬಿದ್ರೆ ಮತ್ತೆ ಖಲಾಸ್."

\*

ಮೊದಲ ವರ್ಷ ಶಾಲೆಟಳೂ ಜೊತೆಗೆ ಹೋಗಿದ್ದಳು. ಲಕ್ಸರಿನಲ್ಲಿ ನದಿ ದಾಟಿ, ಹುಲ್ಲುಕಡ್ಡಿಯೂ ಇಲ್ಲದ ಗುಡ್ಡಗಳ ನಡುವಿನ ರಾಜರ ಕಣಿವೆಗೆ ಬಸ್ಸು ಮುಟ್ಟಿದಾಗ ಹೆರಾಲ್ಡ್ ಹೊಸ ಮದುಮಗನಷ್ಟು ಸಡಗರದಲ್ಲಿದ್ದ. ಟೊಪ್ಪಿ ತೆಗೆಯುವುದು, ಹಾಕುವುದು, ಎಲ್ಲರೂ ಇದ್ದಾರಾ ಎಂದು ತಿರುಗಿ ತಿರುಗಿ ನೋಡುವುದು.

ಅಲ್ಲಿನ ಕ್ರಮವೇ ಬೇರೆ. ಗೋರಿಯ ಒಳಗೆ ಗೈಡುಗಳು ಮಾತಾಡುವ ಹಾಗಿಲ್ಲ. ಹೇಳುವುದನ್ನೆಲ್ಲ ಹೊರಗೇ, ನಕ್ಷೆಯ ಹಲಗೆಯ ಮುಂದೆ ನಿಂತು ಹೇಳಿ ಮುಗಿಸಬೇಕು. ಆಮೇಲೆ ಜನ ತಾವೇ ಹೋಗಿ ನೋಡಿ ಬರಬೇಕು. ಈಜಿಪ್ಟಿನ ಗೈಡು ಇಂಗ್ಲಿಷಿನಲ್ಲಿ ಹೇಳಿದ. ಹೆರಾಲ್ಡ್ ಅದನ್ನು ಕನ್ನಡಕ್ಕೆ ತಂದು, ಅರ್ಥವಾಗದವರಿಗೆ ತುಳುವಿನಲ್ಲೂ ಕೊಂಕಣಿಯಲ್ಲೂ ಇನ್ನೊಮ್ಮೆ ಹೇಳಿದ. ಆಮೇಲೆ ಎಲ್ಲರ ಜೊತೆ ಒಳಗೆ ನಡೆದ.

ಟೊಪ್ಪಿಯ ಕೆಳಗೆ ಬೆವರು ಒರೆಸಿಕೊಳ್ಳುತ್ತ ಶಾಲೆಟ್ ಹೊರಗೆ ಒಂದು ಗಳಿಗೆ ನಿಂತಿದ್ದಳಷ್ಟೇ. ಹೋದವನು ತಿರುಗಿ ಬಂದ. ಮುಖ ಸುಣ್ಣ ಬಳಿದಂತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಹಲಗೆಯ ಹಿಂದಿನ ನೆರಳಿನಲ್ಲಿ ಕುಕ್ಕರಿಸಿ ಕೂತು, ಬಹಳ ಹೊತ್ತು ಬರೀ ಉಸಿರೆಳೆದುಕೊಂಡ.

"ಯಾರಿಗೂ ಹೇಳ್ಬೇಡ ಶಾಲೆಟ್," ಎಂದ ಕೊನೆಗೆ. "ಗೋರಿ ತೋರಿಸುವವನಿಗೆ ಗೋರಿ ಅಂದ್ರೆ ಹೆದರಿಕೆ ಅಂತ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾರೆ."

ಅವಳು ನೀರಿನ ಬಾಟಲಿ ಕೊಟ್ಟಳು. ಅವನ ಮೇಲೆ ಆ ಹೊತ್ತು ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಅಷ್ಟರಲ್ಲಿ ಒಳಗೆ ಹೋದವರು ಒಬ್ಬೊಬ್ಬರೇ ಹೊರಗೆ ಬರತೊಡಗಿದರು. ಹೆರಾಲ್ಡ್ ದಡಕ್ಕನೆ ಎದ್ದು, ಮೊದಲು ಸಿಕ್ಕವನ ತೋಳು ಹಿಡಿದುಕೊಂಡ. "ಹೇಗಿತ್ತು? ಕಣ್ಣಿಗೆ ಮೊದಲು ಬಿದ್ದದ್ದು ಎಂತ? ಯಾವ ಬಣ್ಣ? ಕಾಲಡಿ ಮರದ ಹಲಗೆಯಾ ಕಲ್ಲಾ? ಸೂರ್ಯನನ್ನು ಯಾವ ಕಡೆಯಿಂದ ನುಂಗೋದು?" ಜನಕ್ಕೋ ಹೇಳಲು ಬಾಯಿ ಕಡಿಯುತ್ತಿತ್ತು. ಕೇಳುವ ಕಿವಿ ಸಿಕ್ಕಿದ್ದೇ ಸಾಕು, ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಹೆರಾಲ್ಡ್ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅವನ ಮುಖದ ಬಣ್ಣ ಮರಳಿ ಬಂದದ್ದು ಆಗಲೇ.

ಮರುವರ್ಷ ಅದೇ ಹಲಗೆಯ ಮುಂದೆ ನಿಂತು ಅವನು ಹೇಳಿದ್ದು ಬರೀ ಗೈಡಿನ ಮಾತಾಗಿರಲಿಲ್ಲ. ಅದರಲ್ಲಿ ನೀಲಿ ಇತ್ತು, ಕಾಲಡಿಯ ಹಲಗೆಯ ಸದ್ದಿತ್ತು, ಮೂಲೆಯಲ್ಲಿ ಕಾವಲುಗಾರ ಒರಗಿಸಿಟ್ಟ ಪೊರಕೆಯೂ ಇತ್ತು. ಅದರ ಮರುವರ್ಷ ಇನ್ನಷ್ಟು ಸೇರಿತು. ಕೊನೆಕೊನೆಗೆ, ಹೆರಾಲ್ಡ್ ಹೇಳುವುದನ್ನು ಕೇಳಲಿಕ್ಕೆಂದೇ ಬೇರೆ ಗುಂಪುಗಳ ಹಿಂದಿಯವರೂ ಮಲಯಾಳಿಗಳೂ ಬಂದು ನಿಲ್ಲುವುದಿತ್ತು, ಒಂದಕ್ಷರ ಅರ್ಥವಾಗದಿದ್ದರೂ.

"ನೀವೆಲ್ಲ ಹೋಗಿ ಬನ್ನಿ," ಎನ್ನುತ್ತಿದ್ದ, ಎಲ್ಲರ ಚೀಲಗಳನ್ನು ಹೆಗಲಿಗೇರಿಸಿಕೊಂಡು. "ನಾನು ಸಾವಿರ ಸಲ ನೋಡಿದ್ದು."

\*

ಘಾಲಾದ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಕೋಟು ತೊಟ್ಟ ಹೆರಾಲ್ಡ್ ಅದರಲ್ಲಿ ಯಾವುದೋ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ಮುಚ್ಚಳವನ್ನು ಗೋಡೆಗೆ ಒರಗಿಸಿದ್ದರು. ಒಳಗಿನ ತಗಡು ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆಯುತ್ತಿತ್ತು. ಪ್ರಾರ್ಥನೆಯುದ್ದಕ್ಕೂ ಶಾಲೆಟ್ ಫಾದರನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಆ ಮುಚ್ಚಳವನ್ನೇ ನೋಡುತ್ತ ಕೂತಿದ್ದಳು.

ಪ್ರಾರ್ಥನೆ ಮುಗಿದು ಕೊನೆಯ ದರ್ಶನಕ್ಕೆ ಸಾಲು ಹೊರಟಿತು. ಸಾಲಿನಲ್ಲೂ ಪಿಸುಪಿಸು ನಿಲ್ಲಲಿಲ್ಲ. "ಅಬು ಸಿಂಬೆಲಿನಲ್ಲಿ ನನ್ನ ಚಪ್ಪಲಿ ಕಿತ್ತುಹೋದಾಗ ಅವರದ್ದನ್ನೇ ಬಿಚ್ಚಿ ಕೊಟ್ರು, ಗೊತ್ತುಂಟಾ?" "ನನ್ನ ಮಾವ ಬಾಯಿ ಬಿಟ್ಟು ನಕ್ಕದ್ದು ನಾನು ನೋಡಿದ್ದು ಆ ಒಂದು ವಾರ ಮಾತ್ರ." ಪೆಟ್ಟಿಗೆಯ ಬಳಿ ಬಂದಾಗ ಎರಡು ಹನಿ ಕಣ್ಣೀರು, ದಾಟಿದ ಕೂಡಲೇ ಮತ್ತೆ ಈಜಿಪ್ಟು. ಗಂಡನಿಗೆ ಇದಕ್ಕಿಂತ ಒಳ್ಳೆಯ ವಿದಾಯ ಬೇಕಿರಲಿಲ್ಲ ಎನ್ನಿಸಿತು ಶಾಲೆಟಳಿಗೆ. ಹಾಗೆ ಅನ್ನಿಸಿದ್ದಕ್ಕೇ ಬಾಯಿ ಇನ್ನಷ್ಟು ಕಟ್ಟಿತು.

ಸಾಲು ಮುಗಿಯಿತು. ಮಾರ್ಸೆಲಿನ್ ಕೈಸನ್ನೆ ಮಾಡಿದಳು. ಇಬ್ಬರು ಮುಚ್ಚಳ ಎತ್ತಿಕೊಂಡರು. ಬಾಗಿಲ ಬಳಿ ನಿಂತ ಕುಂಞಾಲಿ ಶಾಲೆಟಳನ್ನೇ ನೋಡುತ್ತಿದ್ದ.

\*

ಹೋದ ವರ್ಷ ಒಂದು ಶುಕ್ರವಾರ ಹೆರಾಲ್ಡ್ ಅವಳನ್ನು ಒಮಾನಿನ ಒಳನಾಡಿಗೆ, ಇಬ್ರಿಯ ಕಡೆ ಕರೆದುಕೊಂಡು ಹೋಗಿದ್ದ. ಅಲ್ಲಿ ಅಲ್ ಐನ್ ಎಂಬ ಹಳ್ಳಿಯ ದಿಣ್ಣೆಯ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋರಿಗಳು ಸಾಲಾಗಿ ನಿಂತಿವೆ. ಈಜಿಪ್ಟಿನ ಪಿರಮಿಡ್ಡುಗಳ ಓರಗೆಯವು, ಆದರೆ ಟಿಕೆಟಿಲ್ಲ, ಒಂಟೆಯವನಿಲ್ಲ, ಹಲಗೆಯ ಮುಂದೆ ಜನವೂ ಇಲ್ಲ. ಮೇಕೆಯೊಂದು ಮಾತ್ರ ಕೂತಿತ್ತು.

ಮೊದಲ ಗೋರಿಯ ಸಣ್ಣ ಬಾಗಿಲಿಗೆ ಬಗ್ಗಿ ಇಣುಕಿದವನು ಸ್ವಲ್ಪ ಹೊತ್ತು ಹಾಗೇ ಇದ್ದ. ಶಾಲೆಟ್ "ಬೇಡ, ಬನ್ನಿ" ಎನ್ನುವುದರೊಳಗೆ ಮೊಣಕಾಲೂರಿ ಒಳಗೇ ನುಗ್ಗಿಬಿಟ್ಟ! ಅವಳು ಬಾಗಿಲಿಗೆ ಓಡಿ ಬಗ್ಗಿ ನೋಡಿದರೆ, ಒಳಗೆ ಬಿಸಿಲು. ಛಾವಣಿ ಯಾವ ಕಾಲದಲ್ಲೋ ಬಿದ್ದುಹೋಗಿತ್ತು. ಹೆರಾಲ್ಡ್ ನಡುವೆ ನಿಂತು, ಎರಡೂ ಕೈ ಎತ್ತಿಕೊಂಡು, ಬಹುಮಾನ ಗೆದ್ದವನಂತೆ ನಗುತ್ತಿದ್ದ.

"ನೋಡು ಶಾಲೆಟ್! ನಾನೂ ಗೋರಿಯ ಒಳಗೆ ಬಂದೆ! ಮೇಲೆ ತೆರೆದಿದ್ರೆ ಎಂತ ಹೆದರಿಕೆಯೂ ಇಲ್ಲ, ಗೊತ್ತುಂಟಾ? ಎಷ್ಟು ಹೊತ್ತು ಬೇಕಾದ್ರೂ ಇರ್ಬಹುದು ಮಾರಾಯ್ತಿ!"

ಹೊರಗೆ ಬನ್ನಿ ಎಂದರೂ ಬರಲಿಲ್ಲ. ಒಳಗೇ ಕೂತು ಅವಳಿಂದ ಬುತ್ತಿಯ ಡಬ್ಬಿ ಇಸಿದುಕೊಂಡು ಊಟ ಮಾಡಿದ.

\*

"ಮುಚ್ಚಬೇಡಿ," ಎಂದಳು ಶಾಲೆಟ್. ಎದ್ದದ್ದು, ನಡೆದದ್ದು, ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟದ್ದು, ಯಾವುದೂ ಅವಳಿಗೆ ಗೊತ್ತಾಗಿರಲಿಲ್ಲ. ಮುಚ್ಚಳ ಹಿಡಿದವರು ತೆಗೆಯಬೇಕೋ ಇಡಬೇಕೋ ತಿಳಿಯದೆ ನಿಂತರು.

"ಎಂತ ಶಾಲೆಟ್? ಹೊತ್ತಾಯ್ತು," ಎಂದಳು ಮಾರ್ಸೆಲಿನ್.

"ಅವರಿಗೆ ಮುಚ್ಚಿದ ಜಾಗ ಆಗೋದಿಲ್ಲ ಅಕ್ಕ. ಹೆದರಿಕೆ."

"ಯಾರಿಗೆ, ಹೆರಾಲ್ಡನಿಗಾ? ಗೋರಿಯಿಂದ ಗೋರಿಗೆ ತಿರುಗಿದವನಿಗಾ? ಕೇಳಿದ್ರೆ ಜನ ನಗ್ತಾರೆ."

"ತಿರುಗಲಿಲ್ಲ ಅಕ್ಕ. ಒಂದರ ಒಳಗೂ ಹೋಗಲಿಲ್ಲ. ಮೊದಲನೇ ವರ್ಷ ನಾಲ್ಕು ಹೆಜ್ಜೆ ಹೋಗಿ ಓಡಿ ಬಂದ್ರು. ಆಮೇಲೆ ಹೋಗ್ಲೇ ಇಲ್ಲ. ಬಾಗಿಲಲ್ಲಿ ನಿಂತು ನಿಮ್ಮೆಲ್ಲರ ಚೀಲ ಕಾದದ್ದು, ಅಷ್ಟೇ."

ಬೆಳಗ್ಗಿನಿಂದ ಮೊದಲ ಬಾರಿಗೆ ಎಲ್ಲರ ಬಾಯಿ ಬಂದ್ ಆಯಿತು. ಏರ್ ಕಂಡೀಷನ್ನಿನ ಸದ್ದೊಂದೇ ಉಳಿಯಿತು. ಮಾಡಿಬಿಟ್ಟೆ, ಎಂದುಕೊಂಡಳು ಶಾಲೆಟ್. ಅವರು ಕಟ್ಟಿಕೊಂಡಿದ್ದನ್ನೆಲ್ಲ ಅವರ ಎದುರೇ ಕೆಡವಿಬಿಟ್ಟೆ. ಆದರೂ ಕೈ ತೆಗೆಯಲಿಲ್ಲ.

"ಮತ್ತೆ ಆ ಛಾವಣಿ?" ಎಂದ ಪ್ರೇಮನಾಥ. "ಆ ದೇವಿ? ಎಲ್ಲ ಅವರೇ ಹೇಳಿದ್ದಲ್ವಾ ನಮಗೆ, ಕಣ್ಣಿಗೆ ಕಟ್ಟಿದ ಹಾಗೆ?"

"ಅದು ನೀವೇ ಹೇಳಿದ್ದು ಪ್ರೇಮಣ್ಣ. ನೀವೆಲ್ಲ ಹೊರಗೆ ಬಂದ ಕೂಡಲೇ ಅವರು ಕೈ ಹಿಡಿದು ಕೇಳ್ತಿರಲಿಲ್ವಾ, ಎಂತ ನೋಡಿದ್ರಿ, ಎಂತ ನೋಡಿದ್ರಿ ಅಂತ? ನೀವು ಹೇಳಿದ್ದನ್ನು ಮರುವರ್ಷದವರಿಗೆ ಹೇಳ್ತಿದ್ರು. ಅವರ ಹತ್ತಿರ ಇದ್ದದ್ದೆಲ್ಲ ನಿಮ್ಮದೇ."

ಹರಿಣಾಕ್ಷಿ ಕೂತಲ್ಲಿಂದ ಜಿಗಿದೆದ್ದಳು.

"ಬೆನ್ನಿಗೆ ಬೆನ್ನು!" ಎಂದು ಕೂಗಿದಳು. "ಬೆನ್ನಿಗೆ ಬೆನ್ನು ಅಂತ ಹೇಳಿದ್ದು ನಾನು! ಮೊದಲ ಸಲ ಹೋದಾಗ ನಾನೇ ಹೇಳಿದ್ದು ಅವರಿಗೆ, ಈಗ ನೆನಪಾಯ್ತು! ಅಯ್ಯೋ ದೇವರೇ, ಎರಡನೇ ಸಲ ಅವರು ಹೇಳಿದಾಗ ನಾನೇ ಬಾಯಿ ಬಿಟ್ಟು ಕೇಳಿದೆನಲ್ಲ!"

"ಪೊರಕೆ ನಂದು!" ಎಂದರು ಹಿಂದಿನ ಸಾಲಿನ ಯಾರೋ. "ಕಾವಲುಗಾರನ ಪೊರಕೆ! ನನ್ನ ಕಾಲಿಗೆ ತಾಗಿದ್ದು."

"ನುಂಗುವಾಗ ಸೂರ್ಯ ಕೆಂಪು ಅಂತ ನನ್ನ ಹೆಂಡತಿ ಹೇಳಿದ್ದು. ಈಗ ಫೋನು ಮಾಡಿ ಕೇಳಿ ಬೇಕಾದ್ರೆ!"

ಸಭಾಂಗಣದಲ್ಲಿ ಗದ್ದಲವೋ ಗದ್ದಲ. ಹಾವಿನ ಚಿತ್ರ ತಮ್ಮದೆಂದು ಇಬ್ಬರು ವಾದಕ್ಕೇ ನಿಂತರು. ಹೆರಾಲ್ಡ್ ತಮಗೆ ಮೋಸ ಮಾಡಿದ ಎಂದು ಯಾರಿಗೂ ಹೊಳೆಯಲಿಲ್ಲ. ಇಷ್ಟು ವರ್ಷ ಊರೆಲ್ಲ ಬೆರಗಾಗಿ ಕೇಳಿದ ಮಾತಿನಲ್ಲಿ ತಮ್ಮದೂ ಒಂದು ತುಂಡು ಇತ್ತಲ್ಲ ಎಂಬ ಖುಷಿಗೆ ಅವರ ಕಾಲು ನೆಲದ ಮೇಲಿರಲಿಲ್ಲ.

ಆಗ ಇಸಾಬೆಲ್ಲಾ ಊರುಗೋಲಿನಿಂದ ನೆಲ ಕುಟ್ಟಿದಳು. "ನಾನು ಒಂದು ಮಾತು ಹೇಳ್ಬೇಕು. ಆ ನೀಲಿ ನಾನು ನೋಡ್ಲಿಲ್ಲ."

"ಎಂತ ಹೇಳ್ತೀರಿ ಬಾಯಮ್ಮ?" ಎಂದ ಕುಂಞಾಲಿ.

"ಈ ಮಂಡಿ ಇಟ್ಟುಕೊಂಡು ಆ ಇಳಿಜಾರು ಇಳೀಲಿಕ್ಕೆ ಆಗ್ತದಾ? ಹೆರಾಲ್ಡನ ಜೊತೆ ಹೊರಗೇ ಕೂತಿದ್ದೆ. ಎಲ್ಲ ಹೇಳಿದ, ಎರಡೆರಡು ಸಲ. ಪಾಪ, ನನಗೆ ಬೇಜಾರಾಗ್ಬಾರ್ದು ಅಂತ ಒಳಗೆ ಹೋಗದೆ ಕೂತ್ಕೊಂಡ ಅಂತ ನಾನು ಪ್ರತಿ ಭಾನುವಾರ ಅವನಿಗಾಗಿ ಪ್ರಾರ್ಥನೆ ಮಾಡಿದ್ದು!" ಎಂದವಳು ತಾನೇ ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಅವಳ ಬೆನ್ನು ಸವರಲು ಬಂದ ಹರಿಣಾಕ್ಷಿಯೂ ನಗುತ್ತ ಅಳುತ್ತಿದ್ದಳು.

ನಗದವಳು ಮಾರ್ಸೆಲಿನ್ ಒಬ್ಬಳೇ. ಅವಳು ತಮ್ಮನ ಮುಖವನ್ನೇ ನೋಡುತ್ತಿದ್ದಳು.

"ಲಕ್ಸರಿನಲ್ಲಿ ನನ್ನ ಕೈಚೀಲವೂ ಹಿಡ್ಕೊಂಡ," ಎಂದಳು ಯಾರಿಗೂ ಅಲ್ಲದ ಹಾಗೆ. "ನೀನು ಹೋಗಿ ಬಾ ಅಕ್ಕ, ನಾನು ಸಾವಿರ ಸಲ ನೋಡಿದ್ದು ಅಂದ. ನಾನು ನರ್ಸು. ಇಡೀ ಜನ್ಮ ಹೆದರಿದವರ ಕೈ ಹಿಡಿದದ್ದು. ಒಂದೇ ಮನೆಯಲ್ಲಿ ಬೆಳೆದ ನನಗೂ ಹೇಳಲಿಲ್ಲ, ಕಳ್ಳ." ನಿನ್ನೆಯಿಂದ ಒಂದು ಹನಿ ಹಾಕದಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ತಡೆದುಕೊಂಡು, ಕಣ್ಣೊರೆಸಿ, ಶಾಲೆಟಳ ಕಡೆ ತಿರುಗಿದಳು. "ಇಲ್ಲಿ ಮಣ್ಣಿಗಿಟ್ರೆ ನೀನು ಅಲ್ಲಿ, ಅವನು ಇಲ್ಲಿ. ನಿನ್ನ ಕಾಲಕ್ಕೆ ಅವನ ಪಕ್ಕ ನಿನಗೆ ಜಾಗ ಇಲ್ಲ. ಯೋಚನೆ ಮಾಡಿದ್ದೀಯಾ?"

"ಮಾಡಿದ್ದೇನೆ ಅಕ್ಕ," ಎಂದಳು ಶಾಲೆಟ್. ಎರಡು ರಾತ್ರಿ ಅದನ್ನೇ ಮಾಡಿದ್ದಳು. ಒಂಟಿಯಾಗಿ ಮಲಗುವುದು ಅವಳಿಗೆ ಬೇಕಿರಲಿಲ್ಲ, ಬದುಕಿದ್ದಾಗಲೂ, ಸತ್ತ ಮೇಲೂ. ಆದರೆ ಅವಳಿಗೆ ಪೆಟ್ಟಿಗೆಯ ಹೆದರಿಕೆ ಇರಲಿಲ್ಲ. ಅವನಿಗಿತ್ತು. "ಇಲ್ಲಿಯೂ ಪೆಟ್ಟಿಗೆ ಬೇಡ. ಮುಚ್ಚಳವೂ ಬೇಡ. ಬಟ್ಟೆಯಲ್ಲಿ ಇಡುವ."

"ನಾವು ಕ್ರಿಸ್ತುವರು ಶಾಲೆಟ್! ಪೆಟ್ಟಿಗೆ ಇಲ್ಲದೆ ಹೇಗೆ?" ಎಂದು ಮಾರ್ಸೆಲಿನ್ ಫಾದರ್ ಕಡೆ ನೋಡಿದಳು.

"ಪೆಟ್ಟಿಗೆಯೇ ಬೇಕು ಅಂತ ಎಲ್ಲಿಯೂ ಇಲ್ಲ," ಎಂದರು ಫಾದರ್. "ನಮ್ಮ ಸ್ವಾಮಿಯನ್ನೂ ಬಟ್ಟೆ ಸುತ್ತಿಯೇ ಇಟ್ಟದ್ದು."

"ಆದ್ರೆ ಆ ಗುಹೆಗೆ ಕಲ್ಲು ಮುಚ್ಚಿದ್ರಲ್ಲ ಫಾದರ್," ಎಂದಳು ಇಸಾಬೆಲ್ಲಾ, ಮೂಗು ಒರೆಸಿಕೊಳ್ಳುತ್ತ.

"ಮೂರನೇ ದಿನ ತೆಗೆದಿತ್ತಲ್ಲ!"

ಆ ಮಾತಿಗೆ ಸಭಾಂಗಣವೇ ನಕ್ಕಿತು. ಮಾರ್ಸೆಲಿನ್ ಕೂಡ. ಮುಚ್ಚಳ ಹಿಡಿದು ಹಿಡಿದು ಕೈ ಸೋತಿದ್ದ ಇಬ್ಬರು ಅದನ್ನು ಕೆಳಗಿಟ್ಟರು.

"ನಮ್ಮಲ್ಲಿಯೂ ಪೆಟ್ಟಿಗೆ ಇಲ್ಲ ಬಾಯಮ್ಮ," ಎಂದ ಕುಂಞಾಲಿ ಮುಂದೆ ಬಂದು. "ಇಬ್ಬರು ಕೆಳಗೆ ಇಳೀಬೇಕು, ಮೇಲಿನವರು ಬಟ್ಟೆಯಲ್ಲಿ ಇಳಿಸಿದ್ದನ್ನು ಕೈಯಲ್ಲಿ ತಗೊಂಡು ಮಲಗಿಸೋದು. ಒಬ್ಬ ನಾನಿದ್ದೇನೆ. ಇನ್ನೊಬ್ಬರು ಯಾರು?"

"ನಾನು," ಎಂದ ಪ್ರೇಮನಾಥ.

"ಮೇಣದಬತ್ತಿ ನಾನು ಹಚ್ತೇನೆ ಮಾರ್ಸೆಲಿನಕ್ಕ," ಎಂದಳು ಹರಿಣಾಕ್ಷಿ. "ನನಗೆ ಕ್ರಮ ಗೊತ್ತಿಲ್ಲ. ನೀವು ಹೇಳಿ ಕೊಡಿ."

"ಯಲ್ಲಾ, ಹೊರಡುವ," ಎಂದ ಕುಂಞಾಲಿ, ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆಯುತ್ತ. "ಇನ್ನು ತಡ ಮಾಡುವುದು ಬೇಡ."

\*

ಬೋಳು ಗುಡ್ಡಗಳ ಮಡಿಲಿನ ಸ್ಮಶಾನಕ್ಕೆ ಅವರು ಮುಟ್ಟಿದಾಗ ಬಿಸಿಲಿನ ಕಾವು ಇಳಿಯತೊಡಗಿತ್ತು. ಕಾರುಗಳು ರಸ್ತೆಯುದ್ದಕ್ಕೂ ನಿಂತವು. ಆಫೀಸಿಗೆ ಅರ್ಧ ದಿನದ ರಜೆ ಹಾಕಿ ಬಂದವರೂ ಹಿಂದೆ ಹೋಗಲಿಲ್ಲ. ಸುದ್ದಿ ಫೋನಿನಿಂದ ಫೋನಿಗೆ ಹಾರಿತ್ತು. ಬೆಳಿಗ್ಗೆ ಬರಲಾಗದವರು ಈಗ ಬಂದಿದ್ದರು, ತಮ್ಮ ತಮ್ಮ ನಕ್ಷತ್ರ, ದೋಣಿ, ಹಾವುಗಳನ್ನು ಬಾಯಲ್ಲಿಟ್ಟುಕೊಂಡು.

ಕುಂಞಾಲಿಯೂ ಪ್ರೇಮನಾಥನೂ ಪ್ಯಾಂಟು ಮಡಚಿ ಗುಂಡಿಗೆ ಇಳಿದರು. ನೆಲ ಕಲ್ಲಿನದು, ತೋಡುವವರು ಕಷ್ಟಪಟ್ಟು ಅಗಲಿಸಿದ್ದರು. ಮೇಲಿನಿಂದ ಬಿಳಿಯ ಬಟ್ಟೆಯ ನಾಲ್ಕು ಮೂಲೆ ಹಿಡಿದು ನಿಧಾನಕ್ಕೆ ಬಿಟ್ಟರು. "ತಲೆ ಕಡೆ ಸ್ವಲ್ಪ ಎತ್ತಿ. ಹಾಂ, ಬಿಡಿ. ಸಿಕ್ಕಿದರು," ಎಂದ ಕುಂಞಾಲಿ. ಅವನು ಹೆರಾಲ್ಡನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮಣ್ಣಿನ ಮೇಲಿಟ್ಟ. ಕುತ್ತಿಗೆಯ ಕೆಳಗಿದ್ದ ಕಲ್ಲೊಂದನ್ನು ಹುಡುಕಿ ತೆಗೆದು ಮೇಲಕ್ಕೆಸೆದ. ಮುಖದ ಮೇಲೆ ಬಟ್ಟೆ ಎಳೆಯಬೇಕೇ ಎಂದು ಕತ್ತೆತ್ತಿ ಕೇಳಿದಾಗ ಶಾಲೆಟ್ ಬೇಡವೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ಹಿಂದಿನವರು ಮುಂದಕ್ಕೊತ್ತಿದರು. ಎಲ್ಲರಿಗೂ ನೋಡಬೇಕು. ಟೂರಿಗೆ ಹೋದ ಜನ, ಮುಂದೆ ನುಗ್ಗಿ ಅಭ್ಯಾಸವಾದವರು. ಹೆಗಲಿಗೆ ಹೆಗಲು ತಾಗಿ, ತಲೆಗೆ ತಲೆ ಬಾಗಿ, ಗುಂಡಿಯ ಸುತ್ತ ಗೋಡೆಯೇ ಎದ್ದಿತು. ಕೆಳಗೆ ಕತ್ತಲಾಯಿತು. ಹೆರಾಲ್ಡನ ಮುಖ ಆ ನೆರಳಿನಲ್ಲಿ ಮುಳುಗಿದ್ದನ್ನು ಶಾಲೆಟ್ ಕಂಡಳು.

"ಹಿಂದೆ ಸರೀರಿ!"

ಮಾರ್ಸೆಲಿನ್ ಎರಡೂ ಕೈ ಅಗಲಿಸಿ ಜನರನ್ನು ತಳ್ಳುತ್ತಿದ್ದಳು. ವಾರ್ಡಿನಲ್ಲಿ ರೋಗಿಯ ಮಂಚಕ್ಕೆ ಮುತ್ತಿಕೊಂಡ ನೆಂಟರನ್ನು ಅಟ್ಟುವ ದನಿ ಅದು.

"ಎಲ್ಲ ಹಿಂದೆ! ಯಾಕೆ ಹಾಗೆ ಮೇಲೆ ಬೀಳ್ತೀರಿ? ಗಾಳಿ ಬಿಡಿ ಅವನಿಗೆ! ಗಾಳಿ ಬಿಡಿ!"

ಅವನು ಸತ್ತಿದ್ದಾನೆಂದು ಅವಳಿಗೆ ಯಾರೂ ನೆನಪಿಸಲಿಲ್ಲ. ಮುಂದಿನವರು ಒಂದು ಹೆಜ್ಜೆ ಹಿಂದಿಟ್ಟರು. ಅವರ ಹಿಂದಿನವರು ಇನ್ನೊಂದು. ಇಸಾಬೆಲ್ಲಾ ಊರುಗೋಲಿನ ಮೇಲೆ ಹಿಂದಕ್ಕೆ ನಡೆದಳು, ಫಾದರ್ ಪುಸ್ತಕ ಎದೆಗೊತ್ತಿಕೊಂಡು ಸರಿದರು, ಕುಂಞಾಲಿಯೂ ಪ್ರೇಮನಾಥನೂ ಮೇಲೆ ಹತ್ತಿ ದೂರ ಹೋದರು. ವೃತ್ತ ದೊಡ್ಡದಾಗುತ್ತ ಆಗುತ್ತ ಜನ ಸ್ಮಶಾನದ ಗೋಡೆಗೆ ಬೆನ್ನು ತಾಗಿಸಿ ನಿಂತರು. ನಡುವೆ ಗುಂಡಿಯೊಂದೇ ಉಳಿಯಿತು, ಅದರ ತುಂಬ ಬಿಸಿಲು. ಎಲ್ಲರ ಕೈಯಲ್ಲೂ ಒಂದೊಂದು ಹಿಡಿ ಮಣ್ಣಿತ್ತು. ಯಾರೂ ಮುಂದೆ ಬರಲಿಲ್ಲ.